ಪಿ, ಪೌಂಡ್, ಕ್ಯೂ

ಶನಿವಾರ ಮಗನ ಶಾಲೆಯಲ್ಲಿ ಹೊಸ ಸ್ಮಾರ್ಟ್ ಬೋರ್ಡಿಗೆ ಪೂಜೆ ಇತ್ತು. ಹೌದು, ಪೂಜೆಯೇ, ಕುಂಕುಮ, ಸೇವಂತಿಗೆ, ನಿಂಬೆಹಣ್ಣು ಎಲ್ಲ. ಕಲಿಕಾ ನ್ಯೂನತೆ ಇರುವ ಮಕ್ಕಳಿಗೆಂದೇ ಪಾಠವನ್ನು ಗಟ್ಟಿಯಾಗಿ ಓದುವ ಗುಂಡಿ ಇದರಲ್ಲಿದೆ ಎಂದು ಕಂಪನಿಯ ಹುಡುಗ ಟೈ ಸರಿಮಾಡಿಕೊಂಡು ಹೇಳಿದ. ನನ್ನ ಕಿವಿ ನೆಟ್ಟಗಾಯಿತು. ನನ್ನ ಮಗನಿಗೂ ಅದೇ ನ್ಯೂನತೆ, ಅಕ್ಷರ ಓದುವುದೇ ಅವನಿಗೆ ಕಷ್ಟ.

ಇಂಗ್ಲಿಷ್ ಪಾಠವನ್ನು ಬೋರ್ಡು ನೀರು ಕುಡಿದಂತೆ ಓದಿತು. ಚಪ್ಪಾಳೆ. "ಏಳನೆಯ ತರಗತಿಯ ಸಮಾಜ ವಿಜ್ಞಾನ ಓದಿಸಿ, ಕನ್ನಡದ್ದು" ಎಂದೆ. ಪರದೆಯ ಮೇಲೆ ಮುತ್ತು ಪೋಣಿಸಿದಂಥ ಕನ್ನಡ. ಗುಂಡಿ ಒತ್ತಿದ. ಬೋರ್ಡು ಬಹಳ ಗಂಭೀರವಾಗಿ "ಪಿ, ಎ, ಪೌಂಡ್, ಎ..." ಎಂದು ಶುರುಮಾಡಿತು. ಸಭೆ ಗೊಳ್ಳೆಂದು ನಕ್ಕಿತು. ಮಗ ನನ್ನ ಕಿವಿಯಲ್ಲಿ, "ಅಪ್ಪಾ, ನನ್ನ ಹಾಗೆ ಇದಕ್ಕೂ ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ಮಾಡಿಸಬೇಕು" ಎಂದ.

ಡಿಟಿಪಿ ಮಾಡಿಯೇ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸಿ ಪುಟ ಕಟ್ಟಿಯೇ ಹೊಟ್ಟೆ ಹೊರೆಯುವ ನನಗೆ ರೋಗ ತಕ್ಷಣ ತಿಳಿಯಿತು. ಹಳೆಯ ಪದ್ಧತಿಯ ಫಾಂಟಿನಲ್ಲಿ ಕೂಡಿಸಿದ ಕನ್ನಡ ಕಣ್ಣಿಗಷ್ಟೇ ಕನ್ನಡ. ಒಳಗೆ ಕುಳಿತಿರುವುದು ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಫಾಂಟು ಅವಕ್ಕೆ ವೇಷ ಕಟ್ಟುತ್ತದೆ. 'ಕನ್ನಡ' ಎಂಬ ಪದವೇ ಅಲ್ಲಿ ಪಿಯಿಂದ ಹೊರಟು, ಪೌಂಡ್ ಹಾದು, ಕ್ಯೂಗೆ ಬಂದು ಮುಟ್ಟುತ್ತದೆ. ಯಂತ್ರಕ್ಕೆ ವೇಷ ಕಾಣುವುದಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ ಯೂನಿಕೋಡ್, ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಕನ್ನಡ ಟೈಪು ಮಾಡುವ 'ನುಡಿ' ತಂತ್ರಾಂಶದಲ್ಲೂ ಯೂನಿಕೋಡ್ ಬಂದು ಬಹಳ ಕಾಲವಾಯಿತು. ಆದರೂ ಶಾಲೆಯ ನೋಟ್ಸು, ಪ್ರಶ್ನೆಪತ್ರಿಕೆ ಇನ್ನೂ ಅದೇ ವೇಷದಲ್ಲಿ ಓಡಾಡುತ್ತಿವೆ. ಇಲ್ಲವೇ ಪುಟದ ಫೋಟೊ ತೆಗೆದು ಪಿಡಿಎಫ್ ಎಂದು ವಾಟ್ಸಾಪಿಗೆ ಹಾಕುತ್ತಾರೆ. ಲಕ್ಷಗಟ್ಟಲೆ ಹಣದ ಬೋರ್ಡಿಗೆ ಓದಲು ಒಂದು ಸಾಲು ಇಲ್ಲ.

ನನ್ನ ಮಗನಿಗೆ ಬೇಕಾದದ್ದು ಆ ಒಂದು ಸಾಲು ಮಾತ್ರ. 'ಸ್ವಾತಂತ್ರ್ಯ' ಎಂಬ ಪದವನ್ನೇ ನೋಡಿ. ಸಾಲಿನ ಮೇಲೆ ಒಂದಿಷ್ಟು, ಕೆಳಗೆ ಜೋತುಬಿದ್ದ ಒತ್ತುಗಳು ಒಂದಿಷ್ಟು. ಅವನು ಮೇಲಿನದನ್ನು ಹಿಡಿಯುವಷ್ಟರಲ್ಲಿ ಕೆಳಗಿನದು ಜಾರುತ್ತದೆ. ಅದೇ ಪಾಠವನ್ನು ನಾನು ಓದಿ ಹೇಳಿದರೆ, ದಂಡಿ ಯಾತ್ರೆಯಲ್ಲಿ ಉಪ್ಪೇ ಏಕೆ, ಬೆಲ್ಲ ಏಕಲ್ಲ ಎಂದು ನನ್ನನ್ನೇ ಪರೀಕ್ಷಿಸುತ್ತಾನೆ.

"ಯಂತ್ರ ಓದಿಕೊಟ್ಟರೆ ಮಕ್ಕಳು ಸೋಮಾರಿಗಳಾಗುವುದಿಲ್ಲವೇ ಸರ್?" ಎಂದರು ಒಬ್ಬ ಮೇಷ್ಟರು. ಇರಬಹುದು ಸ್ವಾಮಿ. ನಮ್ಮಜ್ಜ ಹೆಬ್ಬೆಟ್ಟು. ಗಮಕಿಗಳು ವಾಚನ ಮಾಡಿದ ಭಾರತವನ್ನು ಚಳಿಗಾಲದ ರಾತ್ರಿಗಳಲ್ಲಿ ಕೇಳಿ ಕೇಳಿಯೇ ಕರ್ಣನ ಭಾಗವನ್ನು ಬಾಯಿಪಾಠ ಹೇಳುತ್ತಿದ್ದರು. ಅವರನ್ನು ಸೋಮಾರಿ ಎನ್ನುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಕಾನೂನಿನ ಮಾತು ಎತ್ತಿದರೆ ಶಾಲೆಯವರು ಪರೀಕ್ಷೆಯ ರಿಯಾಯಿತಿ ತೋರಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಗನ ಕಲಿಕಾ ನ್ಯೂನತೆಯೂ ಸೇರಿದೆ, 1995ರ ಕಾಯ್ದೆಯ ಏಳರಲ್ಲಿ ಇರಲಿಲ್ಲ. ಈಗ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಬರೆದುಕೊಡಲು ಒಬ್ಬರು. ಸಂತೋಷ. ಆದರೆ ಜೂನ್‌ನಿಂದ ಮಾರ್ಚ್‌ವರೆಗೆ ಪಾಠ ಅವನ ತಲೆಗೆ ಹೋಗುವ ದಾರಿ ಯಾವುದು? ಊಟ ಬಡಿಸದೆ ಕೈತೊಳೆಯಲು ಬಿಸಿನೀರು ಕೊಟ್ಟ ಹಾಗಾಯಿತು.

ಇನ್ನು ಮುಖ್ಯವಾದದ್ದು. ಶನಿವಾರ ಬೋರ್ಡಿನ ಮೇಲೆ ಮೂಡಿದ ಆ ಮುತ್ತಿನಂಥ ಕನ್ನಡ ನನ್ನ ಅಂಗಡಿಯದೇ. ಆ ನೋಟ್ಸು ಕೂಡಿಸಿದವನು ನಾನು, ಪುಟಕ್ಕೆ ಇಷ್ಟು ಎಂದು ದುಡ್ಡು ಎಣಿಸಿದವನೂ ನಾನೇ. ಯೂನಿಕೋಡ್ ಗೊತ್ತಿಲ್ಲದೆ ಅಲ್ಲ, ಹಳೆಯ ಫಾಂಟು ಕೈಗೆ ಹತ್ತಿತ್ತು, ಪ್ರೆಸ್‌ನವರೂ ಅದನ್ನೇ ಕೇಳುತ್ತಿದ್ದರು. ಸಭೆಯಲ್ಲಿ ಎಲ್ಲರೂ ಕಂಪನಿಯ ಹುಡುಗನನ್ನು ತರಾಟೆಗೆ ತೆಗೆದುಕೊಳ್ಳುವಾಗ ನಾನು ಬಾಯಿ ಬಿಡಲಿಲ್ಲ. ಈಗ ಬಿಟ್ಟಿದ್ದೇನೆ.

ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನಿನ್ನೆ ರಾತ್ರಿ ಕುಳಿತು ನಾಲ್ಕು ಪಾಠ ಮುಗಿಸಿದೆ. ಮಗ ಮೊಬೈಲಿನಲ್ಲಿ ಓದಿಸಿಕೊಂಡು, "ಹೆಂಗಸಿನ ದನಿ ಸ್ವಲ್ಪ ಮೂಗಿನಲ್ಲಿದೆ, ನಡೆಯುತ್ತದೆ" ಎಂದ. ಬೇಕಾದವರು ಕೇಳಿ, ಕಡತ ಕಳುಹಿಸುತ್ತೇನೆ. ಅರ್ಕಾವತ್ತು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಹಾರಿದೆ, ಇನ್ನೂ ತಿದ್ದಿಲ್ಲ.