ಪ್ರೀತಿ ಮಿತಿಯಲ್ಲಿದ್ದರೆ ವಿಸಿಟರ್ ವೀಸಾ

ಗಂಡ ಹೆಂಡಿರ ನಡುವೆ ಎಷ್ಟು ಪ್ರೀತಿ ಇರಬೇಕೆಂಬ ಪ್ರಶ್ನೆ ಬಂದಾಗ ನಮ್ಮ ಪುರೋಹಿತರು ಏಳು ಹೆಜ್ಜೆ ಹಾಕಿಸಿ ಕೈತೊಳೆದುಕೊಂಡರೇ ಹೊರತು ಅಳತೆಯನ್ನು ಹೇಳಲಿಲ್ಲ. ಆ ಕೊರತೆಯನ್ನು ಬ್ರಿಟನ್ನಿನ ಗೃಹ ಇಲಾಖೆ ತುಂಬಿಕೊಟ್ಟಿದೆ. 2025ರ ಏಪ್ರಿಲ್‌ನಲ್ಲಿ ಪರಿಷ್ಕೃತವಾದ ದರಪಟ್ಟಿಯ ಪ್ರಕಾರ, ಅಲ್ಲಿರುವ ಹೆಂಡತಿಯೊಡನೆ ಬಾಳುವೆ ಮಾಡಲು ಹೋಗುವ ಗಂಡ 1,938 ಪೌಂಡ್ ಕಟ್ಟಬೇಕಿತ್ತು; ಆರು ತಿಂಗಳೊಳಗೆ ನೋಡಿಕೊಂಡು ಬಂದುಬಿಡುತ್ತೇನೆ ಎನ್ನುವ ಗಂಡ 127 ಪೌಂಡ್ ಕಟ್ಟಿದರೆ ಸಾಕಿತ್ತು. ದರದ ವ್ಯತ್ಯಾಸ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಒಬ್ಬನೇ ಗಂಡ ಈ ಎರಡು ಅರ್ಜಿಗಳಿಗೆ ಎರಡು ಬಗೆಯ ಹೃದಯವನ್ನು ಲಗತ್ತಿಸಬೇಕೆಂಬುದು ಮಾತ್ರ ಸುಲಭವಾಗಿ ತಲೆಗೆ ಹತ್ತುವುದಿಲ್ಲ.

ಮೊದಲನೆಯ ಅರ್ಜಿಯಲ್ಲಿ ದಾಂಪತ್ಯವು ನಿಜವಾದದ್ದು, ಇವತ್ತಿಗೂ ಉಸಿರಾಡುತ್ತಿರುವಂಥದ್ದು ಎಂದು ರುಜುವಾತು ಮಾಡಬೇಕು. ಧಾರೆಯ ಫೋಟೊ, ವಿಡಿಯೊ ಕರೆಗಳ ದಾಖಲೆ, ನಡುರಾತ್ರಿಯ ವಾಟ್ಸ್‌ಆ್ಯಪ್ ಸಂದೇಶಗಳು, ಎಲ್ಲವೂ ಪುರಾವೆಯೇ. ನೀನಿಲ್ಲದೆ ಊಟ ಸೇರುತ್ತಿಲ್ಲ ಎಂಬ ಸಂದೇಶ ಸಿಕ್ಕರೆ ಸ್ಕ್ರೀನ್‌ಶಾಟ್ ತೆಗೆದು ಮೊದಲ ಪುಟದಲ್ಲೇ ಇಡಬಹುದು. ಎರಡನೆಯ ಅರ್ಜಿಯಲ್ಲಿ ಅದೇ ಸಂದೇಶ ಅಪಾಯಕಾರಿ. ಊಟ ಸೇರದ ಗಂಡ ಹಿಂತಿರುಗಿ ಬರುವನೆಂಬ ಖಾತರಿ ಏನು? ಭೇಟಿಯ ಅವಧಿ ಮುಗಿದೊಡನೆ ಈತ ದೇಶ ಬಿಟ್ಟು ಹೋಗುತ್ತಾನೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಆದ್ದರಿಂದ ಹೆಂಡತಿಯನ್ನು ನೋಡುವ ಆಸೆ ವಿಮಾನ ಹತ್ತಿಸುವಷ್ಟು ಮಾತ್ರ ಇದ್ದು, ಇಳಿದ ಮೇಲೆ ಕ್ರಮೇಣ ಕಡಿಮೆಯಾಗುತ್ತ ಬಂದು, ವಾಪಸು ಟಿಕೆಟ್ಟಿನ ದಿನಾಂಕಕ್ಕೆ ಸರಿಯಾಗಿ ತೀರಿಹೋಗಬೇಕು.

ಹಾಗಿದ್ದರೆ ಮೊದಲನೆಯ ಅರ್ಜಿಯನ್ನೇ ಹಾಕಬಾರದೇಕೆ ಎಂದು ಮನೆಯ ಹಿರಿಯರು ಕೇಳುತ್ತಾರೆ. ಗಂಡ ಹುಬ್ಬಳ್ಳಿಯಲ್ಲಿ ಕಾಲೇಜು ಉಪನ್ಯಾಸಕ, ಹೆಂಡತಿ ಕಾಯಂ ವಾಸದ ಅನುಮತಿ ಪಡೆದು ಲೆಸ್ಟರ್‌ನ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕಿದ್ದಾಳೆ ಎಂದಿಟ್ಟುಕೊಳ್ಳೋಣ. ಹೊರದೇಶದ ಸಂಗಾತಿಯನ್ನು ಕರೆಸಿಕೊಳ್ಳುವವರಿಗೆ 2012ರಿಂದ ವರ್ಷಕ್ಕೆ 18,600 ಪೌಂಡ್ ಆದಾಯವಿದ್ದರೆ ಸಾಕಾಗಿತ್ತು. 2024ರ ಏಪ್ರಿಲ್ 11ರಿಂದ 29,000 ಬೇಕು. ಆಕೆಯ ಸಂಬಳ 27,000 ಆಗಿದ್ದರೆ ದಾಂಪತ್ಯದಲ್ಲಿ 2,000 ಪೌಂಡಿನಷ್ಟು ಬಿರುಕಿದೆ ಎಂದರ್ಥ. ಗಂಡನ ಹುಬ್ಬಳ್ಳಿಯ ಸಂಬಳವನ್ನೂ ಕೂಡಿಸಿಕೊಳ್ಳಿ ಎಂದರೆ ಆ ಅರ್ಜಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಅದೇ ಸಂಬಳ ವಿಸಿಟರ್ ವೀಸಾದ ಅರ್ಜಿಯೊಳಗೆ ಬಂದಾಗ ಮಾತ್ರ ರೂಪಾಯಿ ರೂಪಾಯಿಗೂ ವಿಚಾರಣೆ. ಓದಲು ಹೋದವರ ಪಾಡು ಇನ್ನೂ ಸರಳವಾಗಿದೆ: 2024ರ ಜನವರಿಯಿಂದ ಆರಂಭವಾದ ಕೋರ್ಸುಗಳಲ್ಲಿ, ಸಂಶೋಧನೆಯಂಥ ಕೆಲವನ್ನು ಬಿಟ್ಟರೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಗಾತಿಯನ್ನು ಜೊತೆಗೆ ಕರೆದೊಯ್ಯುವಂತೆಯೇ ಇಲ್ಲ. ಹೀಗಾಗಿ ಎಲ್ಲರೂ ಬಂದು ಸೇರುವುದು ವಿಸಿಟರ್ ವೀಸಾದ ಸರದಿಗೆ.

ತಿರುಗಿ ಬರುತ್ತೀರೆಂಬುದಕ್ಕೆ ಸಾಕ್ಷಿ ಏನೆಂದು ಕೇಳಿದರೆ ನಮ್ಮವರ ಕೈ ಮೊದಲು ಹೋಗುವುದು ಪಹಣಿಗೆ. ಕುಂದಗೋಳದ ಕಡೆಯ ಎರೆಭೂಮಿ, 3 ಎಕರೆ 12 ಗುಂಟೆ. ಸ್ವಾಧೀನದಾರರ ಕಲಮಿನಲ್ಲಿ ತೀರಿಹೋದ ಅಜ್ಜನೂ ಸೇರಿ ಏಳು ಮಂದಿ. ಋಣದ ಕಲಮಿನಲ್ಲಿ ಸೊಸೈಟಿಯ ಬೆಳೆಸಾಲ. ಬೆಳೆಯ ಕಲಮಿನಲ್ಲಿ ಹೆಸರು ಮತ್ತು ಹತ್ತಿ. ಇದನ್ನು ಇಂಗ್ಲಿಷಿಗೆ ಮಾಡಿಸಿ, ಮೊಹರು ಹೊಡೆಸಿ, ಸಿ.ಎ. ಕೊಟ್ಟ ಆಸ್ತಿ ಮೌಲ್ಯದ ಪತ್ರದ ಜೊತೆಗಿಟ್ಟರೂ, ಕಾಗದದ ಮೇಲಷ್ಟೇ ತೀರ್ಮಾನಿಸುವ ಅಧಿಕಾರಿ ಅರ್ಜಿದಾರನ ಮುಖವನ್ನೂ ಕಂಡಿರುವುದಿಲ್ಲ, ಎರೆಮಣ್ಣನ್ನೂ ಕಂಡಿರುವುದಿಲ್ಲ. ಏಳರಲ್ಲಿ ಒಂದು ಪಾಲಿಗಾಗಿ ಮನುಷ್ಯ ಲೆಸ್ಟರ್ ಬಿಟ್ಟು ಬರುತ್ತಾನೆಯೇ ಎಂಬ ಅನುಮಾನ ಅವರಿಗೆ ಬಂದರೆ ತಪ್ಪಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳಕ್ಕಾಗಿ ಧಾರವಾಡದ ಕೋರ್ಟಿನ ಒಂದು ತಾರೀಖನ್ನೂ ತಪ್ಪಿಸದವರನ್ನು ಅವರು ಎಲ್ಲಿ ನೋಡಬೇಕು? ನನ್ನನ್ನು ಕೇಳಿದರೆ ಪಹಣಿಗಿಂತ ದಾವೆಯ ಪ್ರತಿಯನ್ನು ಲಗತ್ತಿಸುವುದೇ ಮೇಲು. ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ ಇದ್ದರೆ ವೈದ್ಯರ ಚೀಟಿಯನ್ನೂ ಸೇರಿಸಬಹುದು. ಆರೋಗ್ಯವಂತ ತಾಯಿಯಿಂದ ಅರ್ಜಿಗೆ ಯಾವ ಉಪಯೋಗವೂ ಇಲ್ಲ.

ಬ್ಯಾಂಕ್ ಖಾತೆಯೂ ಇದೇ ಹದದಲ್ಲಿರಬೇಕು. ಹಣ ಕಡಿಮೆಯಿದ್ದರೆ ಪ್ರವಾಸದ ಖರ್ಚು ಆದಾಯಕ್ಕೆ ಹೊಂದುತ್ತಿಲ್ಲವೆಂದು ತಿರಸ್ಕಾರ. ಅಳಿಯನ ಮರ್ಯಾದೆ ಉಳಿಯಲೆಂದು ಮಾವನವರು ಮೂರು ಲಕ್ಷ ಹಾಕಿದರೆ ಅದು ಎಲ್ಲಿಂದ ಬಂತೆಂದು ವಿವರಿಸಿಲ್ಲವೆಂದು ತಿರಸ್ಕಾರ.

ಅರ್ಜಿಯ ನಮೂನೆಯಲ್ಲಿ ತಂದೆ ತಾಯಿಯ ಹುಟ್ಟಿದ ದಿನವನ್ನೂ ಬರೆಯಬೇಕು. ತಂದೆ ಶಾಲೆಗೆ ಸೇರಿದ ದಿನ ಹೆಡ್‌ಮಾಸ್ಟರು ದಯಪಾಲಿಸಿದ ಜೂನ್ 1 ಇದೆ. ತಾಯಿ ಶಾಲೆಗೇ ಹೋಗಿಲ್ಲವಾದ್ದರಿಂದ ಆಧಾರ್ ಕಾರ್ಡಿನವರು ಕೊಟ್ಟ ಜನವರಿ 1 ಇದೆ. ಇವೆರಡು ಅಧಿಕೃತ ಸುಳ್ಳುಗಳನ್ನು ಬರೆದ ಬಳಿಕ, ತಾನು ಕೊಟ್ಟ ವಿವರವೆಲ್ಲ ಸತ್ಯವೆಂದು ಗಂಡ ಘೋಷಿಸಬೇಕು. ನಡುವೆ ಇನ್ನೊಂದು ಪುಟವಿದೆ. ಶಾಂತಿಕಾಲದಲ್ಲಾಗಲಿ ಯುದ್ಧಕಾಲದಲ್ಲಾಗಲಿ ನೀವು ಯುದ್ಧಾಪರಾಧದಲ್ಲಿ ಅಥವಾ ನರಮೇಧದಲ್ಲಿ ಭಾಗಿಯಾಗಿದ್ದಿರಾ, ಭಯೋತ್ಪಾದನೆಯನ್ನು ಬೆಂಬಲಿಸಿದ್ದಿರಾ, ನಿಮ್ಮ ನಡತೆಯ ಬಗ್ಗೆ ನಮಗೆ ತಿಳಿಸಬೇಕಾದ ಬೇರೇನಾದರೂ ಇದೆಯೇ? ಕೊನೆಯ ಪ್ರಶ್ನೆಗೆ ಉತ್ತರಿಸಲು ಅರ್ಹಳಾದವಳು ಲೆಸ್ಟರ್‌ನಲ್ಲಿದ್ದಾಳೆ. ಉಳಿದವಕ್ಕೆ ಇಲ್ಲ ಎಂದು ಒತ್ತಿದರೆ ಅಲ್ಲಿಗೆ ಮುಗಿಯಿತು, ಅದಕ್ಕೆ ಯಾವ ಲಗತ್ತನ್ನೂ ಕೇಳುವುದಿಲ್ಲ. ನರಮೇಧ ಮಾಡಿದವನು ಕೂಡ ಅರ್ಜಿಯಲ್ಲಿ ಸುಳ್ಳು ಬರೆಯಲಾರ ಎಂದು ನಂಬುವಷ್ಟು ಉದಾರವಾದ ಇಲಾಖೆಗೆ, ಹೆಂಡತಿಯನ್ನು ನೋಡಿ ಬರುತ್ತೇನೆ ಎಂಬ ಉಪನ್ಯಾಸಕನ ಮಾತು ಸಾಲುವುದಿಲ್ಲ.

ಬೆರಳಚ್ಚು ಕೊಟ್ಟ ಮೇಲೆ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಇನ್ನೂ 500 ಪೌಂಡ್ ಕಟ್ಟಿದರೆ ಐದು ಕೆಲಸದ ದಿನ. ವಿರಹಕ್ಕೂ ತತ್ಕಾಲ್ ಇದೆಯೆಂದಾಯಿತು. ಅರ್ಜಿ ತಿರಸ್ಕೃತವಾದರೆ ಶುಲ್ಕ ವಾಪಸು ಬರುವುದಿಲ್ಲ. ಬಂಧುಗಳನ್ನು ನೋಡಲು ಹೊರಟವರಿಗೆ ಮೊದಲು ಮೇಲ್ಮನವಿಯ ಹಕ್ಕಿತ್ತು. 2013ರ ಜೂನ್ 25ರಿಂದ, ಮಾನವ ಹಕ್ಕಿನಂಥ ಆಧಾರಗಳನ್ನು ಬಿಟ್ಟರೆ, ಅದೂ ಹೋಯಿತು. ಅದೇ ವರ್ಷ ಭಾರತವೂ ಸೇರಿದಂತೆ ಕೆಲವು ದೇಶಗಳಿಂದ ಬರುವವರಲ್ಲಿ ಸಂಶಯ ಹುಟ್ಟಿಸುವವರಿಂದ 3,000 ಪೌಂಡ್ ಒತ್ತೆ ಇಡಿಸಿಕೊಂಡು, ಹಿಂದಿರುಗಿದ ಮೇಲೆ ಬಿಡಿಸಿಕೊಡುವ ಯೋಜನೆಯೊಂದನ್ನು ಅಲ್ಲಿನ ಸರ್ಕಾರ ಮುಂದಿಟ್ಟು, ನವೆಂಬರ್ ಹೊತ್ತಿಗೆ ಕೈಬಿಟ್ಟಿತು. ಕೈಬಿಡಬಾರದಿತ್ತು. ಗಂಡನನ್ನು ಗಿರವಿ ಇಡುವ ಏರ್ಪಾಡು ನಮ್ಮ ಮಾವಂದಿರಿಗೆ ಪಹಣಿಯ ಭಾಷಾಂತರಕ್ಕಿಂತ ಬೇಗ ಅರ್ಥವಾಗುತ್ತಿತ್ತು.

ಹಾಗೆಂದು ನಾವು ಬೀಗುವಂತಿಲ್ಲ. ಲೆಸ್ಟರ್‌ನ ಹೆಂಡತಿ ಬ್ರಿಟಿಷ್ ಪ್ರಜೆಯಾಗಿ, ಗಂಡನನ್ನು ನೋಡಲು ತಾನೇ ಇಲ್ಲಿಗೆ ಬರುತ್ತೇನೆಂದರೆ ನಮ್ಮ ಇ-ವೀಸಾದ ನಮೂನೆ ಆಕೆಯ ಧರ್ಮವನ್ನು, ಮೈಮೇಲೆ ಕಾಣುವ ಗುರುತನ್ನು, ಅಜ್ಜ ಅಜ್ಜಿಯರಲ್ಲಿ ಯಾರಾದರೂ ಪಾಕಿಸ್ತಾನದವರೇ ಎಂಬುದನ್ನು ಕೇಳುತ್ತದೆ. ಹುಬ್ಬಳ್ಳಿಯ ಮನೆಗೆ ಬಂದಿಳಿದ 24 ಗಂಟೆಯೊಳಗೆ, ತನ್ನ ಮನೆಯಲ್ಲಿ ವಿದೇಶಿಯೊಬ್ಬಳು ತಂಗಿದ್ದಾಳೆಂದು ಗಂಡ ಸರ್ಕಾರಕ್ಕೆ ವರದಿ ಮಾಡಬೇಕು.

ಇಷ್ಟಾದ ಮೇಲೆ ನಮ್ಮ ರಾಜ್ಯ ಸರ್ಕಾರ ಮಾಡಬಹುದಾದದ್ದು ಒಂದಿದೆ. ಜಾತಿ, ಆದಾಯ, ವಾಸಸ್ಥಳಗಳಿಗೆ ಪ್ರಮಾಣಪತ್ರ ಕೊಡುವ ನಾಡಕಚೇರಿಯಲ್ಲೇ ಮಿತಪ್ರೇಮ ಪ್ರಮಾಣಪತ್ರವನ್ನೂ ಕೊಡಲಿ. ಗ್ರಾಮ ಆಡಳಿತಾಧಿಕಾರಿಗಳು ಸ್ಥಳ ಪರಿಶೀಲನೆ ನಡೆಸಿ, ಅಕ್ಕಪಕ್ಕದವರ ಸಮಕ್ಷಮ ಮಹಜರು ಬರೆದು, ಸದರಿ ಅರ್ಜಿದಾರರು ಪತ್ನಿಯ ಮೇಲೆ ಅಕ್ಕರೆ ಉಳ್ಳವರಾಗಿದ್ದು, ಆಕೆ ಇಲ್ಲದಿದ್ದಾಗ್ಯೂ ಎರಡು ಹೊತ್ತು ಊಟ ಮಾಡುತ್ತಿರುವುದು ಕಂಡುಬಂದಿರುತ್ತದೆ ಎಂದು ವರದಿ ಕೊಡಲಿ. ತಹಶೀಲ್ದಾರರು ಸಹಿ ಹಾಕಲಿ. ಪತ್ರದ ಸಿಂಧುತ್ವ ಆರು ತಿಂಗಳು. ಅಷ್ಟರೊಳಗೆ ಪ್ರೀತಿ ಹೆಚ್ಚಾದಲ್ಲಿ ಅರ್ಜಿದಾರರು ಹದಿನೈದು ದಿನದೊಳಗೆ ಖುದ್ದಾಗಿ ಹಾಜರಾಗಿ ತಿದ್ದುಪಡಿ ಮಾಡಿಸಿಕೊಳ್ಳತಕ್ಕದ್ದು.