ಫ್ಯೂರಿಯೋಸಾಳ ಬಾಲ್ಯವನ್ನು ನಮಗೆ ತೋರಿಸಬೇಕಿತ್ತಾ?

ಪರ: ತೋರಿಸಿದ್ದೇ ಒಳ್ಳೆಯದಾಯಿತು

2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಸಿನಿಮಾಕ್ಕೆ ಹೆಸರು ಮ್ಯಾಕ್ಸ್‌ನದ್ದು, ಕಥೆ ಫ್ಯೂರಿಯೋಸಾಳದ್ದು. ಟ್ಯಾಂಕರ್ ಓಡಿಸುವವಳು ಅವಳು. ಸಿಟಡೆಲ್ ಅನ್ನುವ ಕೋಟೆಯನ್ನು ಆಳುವ ಇಮ್ಮಾರ್ಟನ್ ಜೋ ಕೂಡಿಹಾಕಿದ್ದ ಐವರು ಹೆಂಗಸರನ್ನು ಪಾರು ಮಾಡಲು ಹೊರಟವಳೂ ಅವಳೇ. ಆದರೆ ಅವಳ ಬಗ್ಗೆ ಗೊತ್ತಾಗುವುದು ಎರಡು ಮೂರು ಮಾತಷ್ಟೇ. ಚಿಕ್ಕವಳಿದ್ದಾಗ ಹೊತ್ತುಕೊಂಡು ಬಂದರು, ಮೂರನೇ ದಿನ ತಾಯಿ ಸತ್ತಳು. ಇಷ್ಟು ಕೇಳಿದ ಮೇಲೆ ಉಳಿದದ್ದನ್ನೂ ಕೇಳಬೇಕು ಅನ್ನಿಸುತ್ತದೆ, ಅಲ್ವಾ?

ಅವಳ ಬಾಲ್ಯದಿಂದ ಶುರುವಾಗುವ, 2024ರಲ್ಲಿ ಬಂದ 'ಫ್ಯೂರಿಯೋಸಾ' ಹಣಕ್ಕಾಗಿ ಆಮೇಲೆ ಹೊಸೆದ ಕಥೆಯಲ್ಲ. 'ಫ್ಯೂರಿ ರೋಡ್' ಶೂಟಿಂಗ್ ಶುರುವಾಗುವ ಮೊದಲೇ ನಿರ್ದೇಶಕ ಜಾರ್ಜ್ ಮಿಲ್ಲರ್ ಅವರ ಬಳಿ ಇದರ ಚಿತ್ರಕಥೆ ಇತ್ತು.

ನನಗೆ ಜಾಸ್ತಿ ಇಷ್ಟವಾಗಿದ್ದು ಆ ಹಾಳುಬಿದ್ದ ಲೋಕ ಹೇಗೆ ನಡೆಯುತ್ತದೆ ಅನ್ನುವ ವಿವರ. ಸಿಟಡೆಲ್‌ನಲ್ಲಿ ನೀರು, ಸೊಪ್ಪು-ತರಕಾರಿ. ಗ್ಯಾಸ್ ಟೌನ್‌ನಲ್ಲಿ ಪೆಟ್ರೋಲ್. ಬುಲೆಟ್ ಫಾರ್ಮ್‌ನಲ್ಲಿ ಗುಂಡು. ಒಂದು ನಿಂತರೆ ಉಳಿದೆರಡೂ ನಿಲ್ಲುತ್ತವೆ. ಫ್ಯೂರಿಯೋಸಾಳನ್ನು ಹಿಡಿದಿಟ್ಟುಕೊಂಡಿದ್ದ ಬೈಕ್ ಪಡೆಯ ನಾಯಕ ಡಿಮೆಂಟಸ್ ಗ್ಯಾಸ್ ಟೌನನ್ನು ಮೋಸದಿಂದ ಹಿಡಿಯುತ್ತಾನೆ, ಆದರೆ ಅದನ್ನು ನಡೆಸಲು ಅವನಿಗೆ ಬರುವುದಿಲ್ಲ. ಅವನ ಮತ್ತು ಜೋನ ಚೌಕಾಶಿಯಲ್ಲಿ ಪುಟ್ಟ ಫ್ಯೂರಿಯೋಸಾ ಕೂಡ ಸಾಮಾನಿನಂತೆ ಕೈ ಬದಲಾಗುತ್ತಾಳೆ. ಇಂಥ ಲೋಕದಲ್ಲಿ ಮಕ್ಕಳ ಗತಿ ಏನು ಅನ್ನುವುದನ್ನು ಅದೊಂದೇ ದೃಶ್ಯ ಹೇಳಿಬಿಡುತ್ತದೆ.

ಆಮೇಲೆ ಅವಳು ಹುಡುಗನ ವೇಷದಲ್ಲಿ, ಮೂಗಿಯ ಹಾಗೆ, ವರ್ಷಗಟ್ಟಲೆ ಬದುಕುತ್ತಾಳೆ. ಮೆಕ್ಯಾನಿಕ್ ಕೆಲಸ ಕಲಿಯುತ್ತಾಳೆ. ಅವಳಿಗೆ ಯಾವ ಮಾಯಾಶಕ್ತಿಯೂ ಇಲ್ಲ. ಕೈಗೆ ಗ್ರೀಸ್ ಮೆತ್ತಿಕೊಂಡೇ ಗಟ್ಟಿಯಾಗುತ್ತಾಳೆ. ದೊಡ್ಡವಳಾದ ಫ್ಯೂರಿಯೋಸಾ ಆಗಿ ಆನ್ಯಾ ಟೇಲರ್-ಜಾಯ್‌ಗೆ ಮಾತು ತೀರಾ ಕಡಿಮೆ, ಕಣ್ಣಲ್ಲೇ ಎಲ್ಲ. ಓಡುವ ಟ್ಯಾಂಕರ್‌ನ ಅಡಿಯಲ್ಲಿ ಅವಿತವಳು ಅದನ್ನು ಕಾಪಾಡಲು ಮೇಲೆ ಬರುವ ಆ ಹೊಡೆದಾಟ ಸುಮಾರು 15 ನಿಮಿಷದ್ದು. ಅದನ್ನು ತೆಗೆಯಲು 78 ದಿನ ಹಿಡಿಯಿತಂತೆ. ನೋಡುವಾಗ ಒಂದು ಹೊಡೆತವೂ ಸುಮ್ನೆ ಅನ್ನಿಸುವುದಿಲ್ಲ. ಅವಳು ಡ್ರೈವರ್ ಆಗುವುದು ಅಲ್ಲಿಂದಲೇ.

ವಿರೋಧ: ಹೇಳದೆ ಬಿಟ್ಟಿದ್ದೇ ಚೆನ್ನಾಗಿತ್ತು

ಆನ್ಯಾ ಚೆನ್ನಾಗಿ ಮಾಡಿದ್ದಾರೆ, ಆ ಟ್ಯಾಂಕರ್ ಹೊಡೆದಾಟವೂ ಅದ್ಭುತ. ಆದರೂ ಈ ಸಿನಿಮಾ ಬರದಿದ್ದರೆ ಚೆನ್ನಾಗಿತ್ತು ಅಂತ ನಾನು ಮನಸಾರೆ ನಂಬುತ್ತೇನೆ.

'ಫ್ಯೂರಿ ರೋಡ್'ನಲ್ಲಿ ಷಾರ್ಲೀಸ್ ಥೆರಾನ್ ಮಾಡಿದ ಫ್ಯೂರಿಯೋಸಾಳ ಎಡಗೈ ಕಬ್ಬಿಣದ್ದು. ಅದು ಹೇಗಾಯಿತು ಅಂತ ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ನಾವೇ ಒಂದೊಂದು ಕಥೆ ಕಟ್ಟಿಕೊಂಡಿದ್ದೆವು. ಈಗ ಅದಕ್ಕೂ ಉತ್ತರ ಸಿಕ್ಕಿದೆ, ನಾವು ಕಟ್ಟಿಕೊಂಡಿದ್ದೆಲ್ಲ ಹೋಯಿತು.

ಅದಕ್ಕಿಂತ ದೊಡ್ಡ ನಷ್ಟ ಅವಳ ಊರಿನದ್ದು. ಹಸಿರು ತುಂಬಿದ ಆ ಊರನ್ನು ಹುಡುಕಿಕೊಂಡೇ ಅವಳು ಇಡೀ ದಾರಿ ಬಂದಿರುತ್ತಾಳೆ. ರಾತ್ರಿ ದಾಟಿ ಬಂದ, ಕಾಗೆಗಳು ಕೂತಿದ್ದ ಕೊಳಕು ಕೆಸರೇ ಅದು ಅಂತ ಆಮೇಲೆ ತಿಳಿಯುತ್ತದೆ. ಅವಳ ಹಾಗೆ ನಾವೂ ಗುರುತಿಸದೆ ಅದನ್ನು ದಾಟಿರುತ್ತೇವೆ. ಮರಳಲ್ಲಿ ಮಂಡಿಯೂರಿ ಅವಳು ಕೂಗುವಾಗ ನಮ್ಮ ಕಣ್ಣಲ್ಲೂ ನೀರು ಬರುವುದು ಅದಕ್ಕೇ. ಹೊಸ ಸಿನಿಮಾ ಮೊದಲ ಕೆಲವು ನಿಮಿಷಗಳಲ್ಲೇ ಆ ಹಸಿರನ್ನು ಕಣ್ತುಂಬ ತೋರಿಸಿಬಿಡುತ್ತದೆ, ಹಣ್ಣುಬಿಟ್ಟ ಪೀಚ್ ಮರ ಸಮೇತ. ನಾವು ಮನಸ್ಸಲ್ಲಿ ಕಂಡ ಊರು ಅದಕ್ಕಿಂತ ದೊಡ್ಡದಾಗಿತ್ತು.

ಇನ್ನೊಂದು ಮಾತು ನನ್ನನ್ನು ತುಂಬಾ ಕಾಡುತ್ತದೆ. ಮಗುವಿನ ಕಣ್ಣೆದುರೇ ತಾಯಿಯನ್ನು ಕೊಲ್ಲುತ್ತಾರೆ. ಮಗು ಬೆಳೆದು ಸೇಡು ತೀರಿಸಿಕೊಳ್ಳುತ್ತದೆ. ಈ ಕಥೆ ನಮಗೆ ಹೊಸದಲ್ಲ. ನಮ್ಮ ಎಷ್ಟು ಹೀರೋಗಳು ಹೀಗೇ ದೊಡ್ಡವರಾಗಿಲ್ಲ! ಹಳೆಯ ಫ್ಯೂರಿಯೋಸಾ ಬೇರೆ ಥರ. ಅವಳು ಹೊರಟಿದ್ದು ಬೇರೆಯವರನ್ನು ಬಿಡಿಸಲು. ಹೆಣ್ಣೊಬ್ಬಳು ಧೈರ್ಯ ಮಾಡಬೇಕಾದರೆ ಮೊದಲು ಅವಳಿಗೆ ಅಷ್ಟು ದೊಡ್ಡ ಗಾಯ ಆಗಿರಲೇಬೇಕಾ? ಅನ್ಯಾಯ ಕಂಡಿತು, ಟ್ಯಾಂಕರ್ ತಿರುಗಿಸಿದಳು ಅಂದರೆ ಸಾಲದಾ?

'ಫ್ಯೂರಿ ರೋಡ್'ನ ಕೊನೆ ನೆನಪಿಸಿಕೊಳ್ಳಿ. ಅವಳು ಸಾಯುತ್ತಿದ್ದಾಳೆ. ಮ್ಯಾಕ್ಸ್ ಟ್ಯೂಬ್ ಹಾಕಿ ತನ್ನ ರಕ್ತ ಕೊಡುತ್ತಾನೆ. ಅಲ್ಲಿಯವರೆಗೆ ಹೇಳದ ತನ್ನ ಹೆಸರನ್ನು ಆಗ ಹೇಳುತ್ತಾನೆ. ಅವಳ ಹಿಂದಿನ ಬದುಕಿನ ಬಗ್ಗೆ ಅವನು ಕೇಳಿರುವುದು ಎರಡು ಮಾತಷ್ಟೇ. ನಾವು ಕೇಳಿದ್ದೂ ಅಷ್ಟೇ.