ಒಂದು ಬದಲಿಸಲು ಹೋದರೆ ನಾಲ್ಕು
ಕಾಸರಗೋಡಿನ ಪೊಸಡಿಗುಂಪೆ ಗುಡ್ಡದ ಕಡೆ ಆದಿತ್ಯವಾರ ಒಂದು ಸುತ್ತು ಹೊಡೆದರೆ ಆಯ್ತು, ಮತ್ತೆ ವಾರವಿಡೀ ಸೈಕಲ್ಲಿನ ಚಾಕರಿ. ಮಳೆಗಾಲದ್ದಂತೂ ಕೇಳುವುದೇ ಬೇಡ. ಮುರಕಲ್ಲಿನ ಕೆಂಪು ಕೆಸರು ಚೈನಿನ ಎಣ್ಣೆಗೆ ಸೇರಿತೆಂದರೆ ಸಾಣೆಕಲ್ಲೇ ಸರಿ. ಚೈನಿನ ಸವೆತ ಅಳೆಯುವ ಚೆಕರ್ 0.75ರ ಗುರುತಿಗೆ ಇಳಿದರೆ ಚೈನು ಬಿಸಾಡಬೇಕು, ಇಲ್ಲದಿದ್ದರೆ ಕ್ಯಾಸೆಟ್ಟಿನ, ಅಂದರೆ ಹಿಂದಿನ ಗೇರುಚಕ್ರಗಳ ಗೊಂಚಲಿನ, ಹಲ್ಲನ್ನೂ ತಿಂದು ಹಾಕುತ್ತದೆ.

ಹೋಗಲಿ, ಅದು ಮಣ್ಣಿನ ಗುಣ. ನನ್ನ ಸಿಟ್ಟು ಈ ಪಾರ್ಟು ಮಾಡುವವರ ಮೇಲೆ. ಹಿಂದಿನ 10 ಗೇರಿನಿಂದ 12ಕ್ಕೆ ಹೋಗೋಣ ಅಂತ ಹೊರಟೆ. ಹೊಸ ಕ್ಯಾಸೆಟ್ಟಿನ ಅತಿ ಸಣ್ಣ ಗೇರುಚಕ್ರಕ್ಕೆ 10 ಹಲ್ಲು, ಕ್ಯಾಸೆಟ್ಟು ಕೂರಿಸುವ ಹಳೆಯ ಫ್ರೀಹಬ್ಬಿನಲ್ಲಿ ಅದು ಕೂರುವುದೇ ಇಲ್ಲ. ಫ್ರೀಹಬ್ ಬದಲಿಸಿ ಅಂದರೆ ನನ್ನ ಚಕ್ರದ ನಡುವಿನ ಹಬ್ಬಿಗೆ ಬೇರೆಯದು ಬರುವುದಿಲ್ಲವಂತೆ. ಸರಿ, ಇಡೀ ಚಕ್ರವೇ ಕೊಡಿ ಮಾರಾಯ್ರೆ ಅಂದೆ. ಅಂಗಡಿಯಲ್ಲಿದ್ದದ್ದು 148 ಮಿ.ಮೀ. ಅಗಲದ ಹಬ್ಬು, ನನ್ನ ಫ್ರೇಮಿಗೆ ಕೂರುವುದು 142ರದ್ದು. ಆರು ಮಿಲ್ಲಿಮೀಟರಿಗೋಸ್ಕರ ಫ್ರೇಮನ್ನೂ ಗುಜರಿಗೆ ಹಾಕಬೇಕೇ?

ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರಿನ ಕಥೆಯೂ ಅದೇ. ಕಲ್ಲಿಗೆ ಬಡಿದಾಗ ಫ್ರೇಮು ಉಳಿಯಲಿ ಎಂದು ಬಗ್ಗಲಿಕ್ಕೆಂದೇ ಮಾಡಿದ ಬೆರಳುದ್ದದ ಅಲ್ಯುಮಿನಿಯಂ ತುಂಡು. ಬಗ್ಗುವುದು ಗೊತ್ತಿದ್ದೂ ಹಳೆಯ ಫ್ರೇಮುಗಳಲ್ಲಿ ಒಂದೊಂದಕ್ಕೆ ಒಂದೊಂದು ಆಕಾರ! ಕಾಸರಗೋಡಿನಲ್ಲಿ ಕೇಳಿದರೆ ಮಂಗಳೂರಿಗೆ ಹೋಗಿ ಅಂತಾರೆ. ಮಂಗಳೂರಿನಲ್ಲಿ ಫೋಟೋ ಕಳಿಸಿ, ತರಿಸಿ ಕೊಡುವ ಅಂತಾರೆ. ಯಾವಾಗ ಅಂತ ಮಾತ್ರ ಹೇಳುವುದಿಲ್ಲ.